ಬಾಯಿಯ ಹೊಸ್ತಿಲಲ್ಲೇ ನಿಲ್ಲುವ ಆರೋಗ್ಯ ವಿಮೆ

ಪ್ರತಿವರ್ಷ ನವೆಂಬರ್ ಬಂದೊಡನೆ ಪಿಂಚಣಿದಾರರಾದ ನಾವು ಬದುಕಿದ್ದೇವೆಂಬುದನ್ನು ಕಾಗದದ ಮೇಲೆ ಸಾಬೀತುಪಡಿಸಬೇಕಾಗುತ್ತದೆ. ಈಗ ಮನೆಯಲ್ಲೇ ಕುಳಿತು ಮೊಬೈಲಿಗೆ ಮುಖ ತೋರಿಸಿ ಜೀವಂತ ಪ್ರಮಾಣ ಪತ್ರ ಸಲ್ಲಿಸುವ ಸೌಲಭ್ಯವಿದೆ. ಆದರೂ ನಮ್ಮಲ್ಲಿ ಅನೇಕರು ಬ್ಯಾಂಕಿಗೇ ಹೋಗುತ್ತೇವೆ. ಹಳೆಯ ಮುಖಗಳನ್ನು ನೋಡುವ ಆಸೆಯೇ ಅದಕ್ಕೆ ಮುಖ್ಯ ಕಾರಣ. ಕಳೆದ ನವೆಂಬರಿನಲ್ಲಿ ಸಾಲಿನಲ್ಲಿ ನನ್ನ ಮುಂದಿದ್ದವರು ಹಿಂದೆ ನನ್ನ ಕಚೇರಿಯಲ್ಲಿ ಅಧೀಕ್ಷಕರಾಗಿದ್ದವರು. ಟಿಪ್ಪಣಿ ಬರೆಯುವುದರಲ್ಲಿ ನಿಸ್ಸೀಮರು, ಮಾತಿನಲ್ಲಿ ಇನ್ನೂ ಮಿಗಿಲು. ಅವರ ಮೇಜಿನ ಖಾನೆಯಲ್ಲಿ ಕಡತಗಳ ಜೊತೆಗೆ ಸದಾ ಒಂದು ನಿಪ್ಪಟ್ಟಿನ ಪೊಟ್ಟಣ ಇರುತ್ತಿತ್ತು. ಅಂಥವರು ಆ ದಿನ ನನ್ನೊಡನೆ ಮಾತನಾಡುವಾಗಲೆಲ್ಲ ಕರವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನೆಗಡಿಯಿರಬೇಕೆಂದುಕೊಂಡೆ.

ಕೆಲಸ ಮುಗಿದ ಮೇಲೆ ಪಕ್ಕದ ದರ್ಶಿನಿಗೆ ಹೋದೆವು. ವಡೆಯ ತಟ್ಟೆಯನ್ನು ಅವರ ಮುಂದೆ ಸರಿಸಿದರೆ, ‘ಬೇಡ ಸಾರ್, ಇಡ್ಲಿ ಸಾಂಬಾರಲ್ಲಿ ನೆನೆಸಿಕೊಂಡು ತಿಂತೀನಿ’ ಎಂದರು. ಉಳಿದಿರುವ ಹಲ್ಲುಗಳು ಏಳು, ಅವುಗಳಲ್ಲಿ ಎರಡು ಅಲ್ಲಾಡುತ್ತಿವೆ ಎಂಬ ಸಂಗತಿ ಆಮೇಲೆ ಹೊರಬಿತ್ತು. ಎರಡು ವರ್ಷಗಳಿಂದ ಮದುವೆ ಮುಂಜಿಗಳಿಗೆ ಹೋಗಿಲ್ಲವಂತೆ. ಪಂಕ್ತಿಯಲ್ಲಿ ಕುಳಿತು ಎಲೆಯಲ್ಲಿ ಅರ್ಧ ಬಿಟ್ಟು ಏಳುವುದು ಮುಜುಗರದ ಸಂಗತಿ. ತೂಕ ಇಳಿದಿದೆ, ಸಕ್ಕರೆ ಹತೋಟಿಗೆ ಬರುತ್ತಿಲ್ಲ. ‘ವಿಮೆ ಮಾಡಿಸಿಲ್ಲವೇ?’ ಎಂದು ಕೇಳಿದೆ. ‘ಮಾಡಿಸಿದೀನಿ ಸಾರ್, ವರ್ಷಾ ವರ್ಷಾ ಕಂತು ಕಟ್ತೀನಿ. ಹೃದಯಕ್ಕೆ ಕೊಡ್ತಾರೆ, ಮೂತ್ರಪಿಂಡಕ್ಕೆ ಕೊಡ್ತಾರೆ, ಹಲ್ಲಿಗೆ ಮಾತ್ರ ಇಲ್ಲವಂತೆ’ ಎಂದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಆ ವಯಸ್ಸಿನ ಇಬ್ಬರು ಹೇಳಿಕೊಂಡು ನಗುವುದು ವಾಡಿಕೆ. ಅಂದು ಇಬ್ಬರೂ ಅದನ್ನು ಹೇಳಲಿಲ್ಲ.

ಈ ವಿಷಯದ ಬಗ್ಗೆ ಬರೆಯುವ ಮೊದಲು ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕಾಗಿದೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಜಿಲ್ಲೆಯೊಂದರಲ್ಲಿ ಕಚೇರಿಯ ಮುಖ್ಯಸ್ಥನಾಗಿದ್ದಾಗ, ನಮ್ಮ ಜೀಪಿನ ಚಾಲಕರೊಬ್ಬರ ವೈದ್ಯಕೀಯ ವೆಚ್ಚದ ಬಿಲ್ಲು ನನ್ನ ಮುಂದೆ ಬಂದಿತ್ತು. ಹಲ್ಲು ಕೀಳಿಸಿದ ಖರ್ಚಿನ ಕೆಳಗೆ ಕೃತಕ ಹಲ್ಲಿನ ಸೆಟ್ಟಿನ ಖರ್ಚೂ ಇತ್ತು. ನಾನು ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, ‘ಇದು ಚಿಕಿತ್ಸೆಯಲ್ಲ, ಅಲಂಕಾರ’ ಎಂದು ಅಂಚಿನಲ್ಲಿ ಬರೆದೆ. ಬೊಕ್ಕಸದ ಹಣವನ್ನು ಉಳಿಸಿದೆನೆಂಬ ಸಮಾಧಾನವೂ ಆಗಿತ್ತು. ಆ ಮನುಷ್ಯ ಏನೂ ಹೇಳಲಿಲ್ಲ. ನಿವೃತ್ತಿಯವರೆಗೂ ಅವರು ಗಂಜಿಯ ಡಬ್ಬಿಯನ್ನೇ ತರುತ್ತಿದ್ದರೆಂಬುದು ನನಗೆ ತಿಳಿದಿತ್ತು. ಆದರೆ ಗಂಜಿಗೂ ನನ್ನ ಷರಾಕ್ಕೂ ಸಂಬಂಧವಿದೆಯೆಂದು ಹೊಳೆದಿದ್ದು ನನ್ನ ಸ್ವಂತ ಬಾಯಿಗೆ ಬಂದ ಮೇಲೆಯೇ.

ನಿವೃತ್ತಿಯ ನಂತರ ನಾನೂ ಎಲ್ಲರಂತೆ ಖಾಸಗಿ ಆರೋಗ್ಯ ವಿಮೆ ಮಾಡಿಸಿದೆ. ಎರಡು ವರ್ಷಗಳ ಹಿಂದೆ ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿ ಕೆನ್ನೆ ಊದಿಕೊಂಡಿತು. ಜ್ವರ ಬಂತು, ನಾಲ್ಕು ದಿನ ನಿದ್ದೆಯಿಲ್ಲ. ದಂತವೈದ್ಯರು ಎರಡು ಹಲ್ಲುಗಳಿಗೆ ರೂಟ್ ಕೆನಾಲ್ ಮಾಡಿ, ಒಂದನ್ನು ಕಿತ್ತು, ಅಲ್ಲಿಗೊಂದು ಬ್ರಿಜ್ ಕೂರಿಸಿದರು. ಎಲ್ಲ ಸೇರಿ 38 ಸಾವಿರ ರೂಪಾಯಿ ಆಯಿತು. ವಿಮಾ ಕಂಪನಿಗೆ ಬಿಲ್ಲು ಕಳುಹಿಸಿದೆ. ಹತ್ತು ದಿನಗಳಲ್ಲಿ ಬಂದ ಉತ್ತರ ಚುಟುಕಾಗಿತ್ತು: ಅಪಘಾತದಿಂದಾದುದಲ್ಲ, ಆಸ್ಪತ್ರೆಯಲ್ಲಿ ದಾಖಲಾಗಿಲ್ಲ, ಆದ್ದರಿಂದ ಪಾವತಿಗೆ ಅರ್ಹವಲ್ಲ. ಅದನ್ನು ಓದಿದಾಗ ಕೋಪ ಬರಬೇಕಿತ್ತು. ನನಗೆ ಮಾತ್ರ ಆ ವಾಕ್ಯದ ಶೈಲಿ ಎಲ್ಲೋ ಪರಿಚಿತವೆನಿಸಿತು.

ಪಾಲಿಸಿಯ ಪುಟಗಳನ್ನು ಆಗ ಮೊದಲ ಬಾರಿಗೆ ಸಮಗ್ರವಾಗಿ ಓದಿದೆ. ಕಡತ ಓದುವುದೇ ವೃತ್ತಿಯಾಗಿದ್ದವನು ಸ್ವಂತ ಪಾಲಿಸಿಯನ್ನು ಓದದೆ ಸಹಿ ಹಾಕಿದ್ದೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ನಮ್ಮ ದೇಶದ ಬಹುತೇಕ ಆರೋಗ್ಯ ವಿಮೆಗಳ ತಳಹದಿ ಒಂದೇ: ರೋಗಿ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿರಬೇಕು. ದಂತ ಚಿಕಿತ್ಸೆ ಸ್ವಭಾವತಃ ಹೊರರೋಗಿ ವಿಭಾಗಕ್ಕೆ ಸೇರಿದ್ದು. ಹುಳುಕು ತುಂಬಿಸಲು, ಬೇರಿನ ನಾಳ ಶುದ್ಧಮಾಡಲು, ಹಲ್ಲಿನ ಸೆಟ್ಟು ಅಳವಡಿಸಲು ಯಾರೂ ರಾತ್ರಿ ಮಲಗಬೇಕಾಗಿಲ್ಲ. ಎಲ್ಲ ಕಂಪನಿಗಳೂ ಕಡ್ಡಾಯವಾಗಿ ಮಾರಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ರೂಪಿಸಿದ ‘ಆರೋಗ್ಯ ಸಂಜೀವನಿ’ ಎಂಬ ಮಾದರಿ ಪಾಲಿಸಿಯಲ್ಲಿ ಕಾಯಿಲೆ ಅಥವಾ ಗಾಯದಿಂದ ಅಗತ್ಯವಾದ ದಂತ ಚಿಕಿತ್ಸೆ ಎಂಬ ಮಾತೇನೋ ಇದೆ. ಆದರೆ ಅದು ಆಸ್ಪತ್ರೆ ದಾಖಲಾತಿಯ ಚೌಕಟ್ಟಿನೊಳಗೆ ಬರುವ ಮಾತು. ಬಾಗಿಲು ತೆರೆದಿದೆ, ಒಳಗೆ ಹೋಗುವ ಮೆಟ್ಟಿಲು ಮಾತ್ರ ಇಲ್ಲ.

ಇಲ್ಲೊಂದು ಹೋಲಿಕೆ ಗಮನಾರ್ಹ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೂ ಇಂದು 24 ಗಂಟೆ ಬೇಕಾಗಿಲ್ಲ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ಆದರೂ ವಿಮಾ ಕಂಪನಿಗಳು ಅದನ್ನು ಒಂದು ದಿನದ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿ, ಮಿತಿಯೊಂದನ್ನು ಹಾಕಿ, ಹಣ ಕೊಡುತ್ತವೆ. ಮೇಲೆ ಹೇಳಿದ ಮಾದರಿ ಪಾಲಿಸಿಯಲ್ಲಿ ಈ ಮಿತಿ ಕಣ್ಣೊಂದಕ್ಕೆ ವಿಮಾ ಮೊತ್ತದ ಶೇ 25 ಅಥವಾ 40 ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು. ಕಣ್ಣಿನಲ್ಲಿ ಕೃತಕ ಮಸೂರ ಕೂರಿಸಿದರೆ ಅದು ಚಿಕಿತ್ಸೆ, ಬಾಯಿಯಲ್ಲಿ ಕೃತಕ ಹಲ್ಲು ಕೂರಿಸಿದರೆ ಅಲಂಕಾರ! ಎರಡೂ ಮುಪ್ಪಿನ ಸಹಜ ನಷ್ಟವನ್ನು ತುಂಬಿಕೊಡುವ ಕೆಲಸಗಳೇ. ಮುಪ್ಪಿನಲ್ಲಿ ಕಣ್ಣು ಕಾಣದಿರುವುದನ್ನು ಸಮಾಜ ದುಃಖವೆಂದು ಒಪ್ಪಿಕೊಂಡಿದೆ. ಬೊಚ್ಚು ಬಾಯಿಯನ್ನು ಮೊಮ್ಮಕ್ಕಳ ತಮಾಷೆಯ ವಸ್ತುವಾಗಿ ಮಾತ್ರ ಕಂಡಿದೆ. ವಿಮೆಯ ಷರತ್ತುಗಳು ಆ ಭಾವನೆಯ ನಕಲು ಪ್ರತಿಗಳಷ್ಟೆ.

ಹಾಗೆಂದು ವಿಮಾ ಕಂಪನಿಗಳನ್ನು ಖಳನಾಯಕರೆಂದು ಚಿತ್ರಿಸುವುದು ಅರ್ಥಶಾಸ್ತ್ರ ಓದಿದವನಿಗೆ ಶೋಭಿಸದು. ವಿಮೆ ಇರುವುದು ಅಪರೂಪಕ್ಕೆ, ಅನಿರೀಕ್ಷಿತವಾಗಿ, ಭಾರೀ ಪ್ರಮಾಣದಲ್ಲಿ ಎರಗುವ ನಷ್ಟಕ್ಕೆ. ಸಾವಿರ ಮನೆಗಳಲ್ಲಿ ಒಂದಕ್ಕೆ ಬೆಂಕಿ ಬಿದ್ದರೆ, ಉಳಿದ 999 ಮನೆಗಳ ಕಂತಿನಿಂದ ಅದನ್ನು ಕಟ್ಟಿಸಿಕೊಡಬಹುದು. ಹಲ್ಲಿನ ವ್ಯವಹಾರ ಇದಕ್ಕೆ ತದ್ವಿರುದ್ಧ. ಅರವತ್ತು ದಾಟಿದ ಸಾವಿರ ಬಾಯಿಗಳಲ್ಲಿ ಬಹುತೇಕ ಸಾವಿರವೂ ರಿಪೇರಿ ಕೇಳುತ್ತವೆ. ಅದೂ ಸಣ್ಣ ಸಣ್ಣ ಮೊತ್ತಗಳಲ್ಲಿ, ಮೇಲಿಂದ ಮೇಲೆ. ಜೊತೆಗೆ ಇದು ಮುಂದೂಡಬಹುದಾದ ಖರ್ಚು. ಎರಡು ವರ್ಷ ನೋವು ನುಂಗಿಕೊಂಡಿದ್ದು, ಪಾಲಿಸಿ ಕೊಂಡ ಮರುದಿನವೇ ಆಸ್ಪತ್ರೆಗೆ ಓಡುವವರನ್ನು ತಡೆಯುವುದು ಹೇಗೆ?

ಕೆನೆತ್ ಆ್ಯರೋ 1963ರಲ್ಲಿ ಬರೆದ, ವೈದ್ಯಕೀಯ ಸೇವೆಯ ಅನಿಶ್ಚಿತತೆ ಕುರಿತ ಪ್ರಬಂಧವನ್ನು ಎಂ.ಎ. ತರಗತಿಯಲ್ಲಿ ಪರೀಕ್ಷೆಗಾಗಿ ಓದಿದ್ದೆ. ಜಾರ್ಜ್ ಅಕೆರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆ ಕೊಟ್ಟು ಬರೆದ ಪ್ರಬಂಧ ಇನ್ನೂ ಪ್ರಸಿದ್ಧವಾದುದು. ಅದೇ ಪ್ರಬಂಧದಲ್ಲಿ, 65 ದಾಟಿದವರಿಗೆ ಆರೋಗ್ಯ ವಿಮೆ ಸಿಗುವುದು ಏಕೆ ಕಷ್ಟ ಎಂಬ ವಿವೇಚನೆಯೂ ಇದೆಯೆಂಬುದನ್ನು ಆ ವಯಸ್ಸಿನಲ್ಲಿ ನಾವು ಗಮನಿಸಿರಲಿಲ್ಲ. ಕಂತು ಏರಿಸಿದಷ್ಟೂ ಗಟ್ಟಿಮುಟ್ಟಾದವರು ದೂರ ಸರಿಯುತ್ತಾರೆ, ಕಾಯಿಲೆಯವರಷ್ಟೇ ಉಳಿಯುತ್ತಾರೆ. ಮತ್ತೆ ಕಂತು ಏರಿಸಬೇಕಾಗುತ್ತದೆ. ಕೊನೆಗೆ ಮಾರುಕಟ್ಟೆಯೇ ಮುಚ್ಚಿಹೋಗುತ್ತದೆ. ಹಲ್ಲಿನ ಸ್ಥಿತಿ ಹೇಗಿದೆಯೆಂಬುದು ನಾಲಿಗೆ ಆಡಿಸಿದವನಿಗೆ ಗೊತ್ತಿರುವಷ್ಟು ಕಂಪನಿಗೆ ಗೊತ್ತಿರುವುದಿಲ್ಲ. ಆದ್ದರಿಂದಲೇ ಹೊರರೋಗಿ ಸೌಲಭ್ಯದ ಹೆಸರಿನಲ್ಲಿ ಹೆಚ್ಚುವರಿ ಕಂತಿಗೆ ಮಾರುವ ದಂತ ರಕ್ಷಣೆಗಳಲ್ಲಿ ಮಿತಿಗಳು ಸಣ್ಣವು, ಕಾಯುವ ಅವಧಿಗಳು ದೀರ್ಘ. ಸರಿಯಾಗಿ ಲೆಕ್ಕ ಹಾಕಿದರೆ ಅವು ವಿಮೆಗಿಂತ ಚೀಟಿ ವ್ಯವಹಾರಕ್ಕೆ ಹತ್ತಿರ: ಕಟ್ಟಿದ್ದರಲ್ಲಿ ಒಂದಷ್ಟು ಕಡಿತವಾಗಿ ನಮ್ಮ ಹಣ ನಮಗೇ ಬರುತ್ತದೆ.

ಸರ್ಕಾರಗಳು ಹಿರಿಯರ ವಿಮೆಯತ್ತ ಗಮನ ಕೊಟ್ಟಿಲ್ಲವೆಂದು ಹೇಳಲಾಗದು. 65 ದಾಟಿದವರಿಗೂ ಹೊಸ ಪಾಲಿಸಿ ಕೊಡಲು 2024ರಲ್ಲಿ ದಾರಿ ತೆರೆಯಿತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ಸಮಾಲೋಚಿಸಬೇಕೆಂದು ವಿಮಾ ಪ್ರಾಧಿಕಾರ 2025ರ ಜನವರಿಯಲ್ಲಿ ಆದೇಶಿಸಿತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿಯನ್ನು ಅದೇ ವರ್ಷ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಯಿತು. 70 ದಾಟಿದ ಎಲ್ಲರಿಗೂ, ಆದಾಯದ ಪ್ರಶ್ನೆಯಿಲ್ಲದೆ, ಆಯುಷ್ಮಾನ್ ಭಾರತ್ ಯೋಜನೆಯಡಿ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆಯನ್ನು 2024ರ ಅಕ್ಟೋಬರ್ 29ರಂದು ಪ್ರಧಾನಿಯವರು ಉದ್ಘಾಟಿಸಿದರು. ಇವೆಲ್ಲವೂ ಸ್ವಾಗತಾರ್ಹ. ಆದರೆ ಆ ಯೋಜನೆಯಲ್ಲೂ ದವಡೆಯ ಮೂಳೆ ಮುರಿದರೆ ಪ್ಯಾಕೇಜ್ ಉಂಟು, ಹುಳುಕು ತುಂಬಿಸುವುದಕ್ಕೆ, ರೂಟ್ ಕೆನಾಲ್‌ಗೆ ಇಲ್ಲ. ಐದು ಲಕ್ಷದ ಕಾರ್ಡು ಕೈಯಲ್ಲಿದ್ದರೂ ಐದು ಸಾವಿರದ ಹಲ್ಲಿನ ಸೆಟ್ಟಿಗೆ ಮಗನ ಮುಖ ನೋಡಬೇಕು.

ಬಾಯಿಯನ್ನು ದೇಹದಿಂದ ಪ್ರತ್ಯೇಕಿಸಿದ್ದು ಎಂದಿನಿಂದ? ಅಮೆರಿಕದ ಬಾಲ್ಟಿಮೋರ್‌ನಲ್ಲಿ 1840ರಲ್ಲಿ ದಂತ ಚಿಕಿತ್ಸೆಗೆಂದೇ ಪ್ರತ್ಯೇಕ ಕಾಲೇಜು ಆರಂಭವಾದಂದಿನಿಂದ ವೈದ್ಯರದು ಒಂದು ದಾರಿ, ದಂತವೈದ್ಯರದು ಇನ್ನೊಂದು. ನಮ್ಮಲ್ಲಿ ಡಾ. ರಫಿಯುದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತದಲ್ಲಿ ಮೊದಲ ದಂತ ಕಾಲೇಜು ಸ್ಥಾಪಿಸಿದಾಗಲೂ ಅದೇ ವಿಭಜನೆ ಮುಂದುವರಿಯಿತು. ವಿದ್ಯೆಯ ಅನುಕೂಲಕ್ಕಾಗಿ ಮಾಡಿಕೊಂಡ ಈ ಗಡಿಯನ್ನು ರೋಗಾಣುಗಳೇನೂ ಮಾನ್ಯ ಮಾಡಿಲ್ಲ. ಮಧುಮೇಹ ಹತೋಟಿ ತಪ್ಪಿದರೆ ಒಸಡು ಕೆಡುತ್ತದೆ, ಒಸಡಿನ ಸೋಂಕು ಉಳಿದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ನನ್ನ ಹಳೆಯ ಅಧೀಕ್ಷಕರ ಸಂಕಟದ ಒಂದು ಎಳೆ ಇಲ್ಲಿದೆ. ರಕ್ತದೊತ್ತಡಕ್ಕೆ, ಖಿನ್ನತೆಗೆ ನಾವು ನುಂಗುವ ಹಲವು ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಜೊಲ್ಲಿನ ರಕ್ಷಣೆ ತಪ್ಪಿದ ಹಲ್ಲು ಬೇಗ ಹುಳುಕಾಗುತ್ತದೆ. ಒಸಡು ಹಿಂದೆ ಸರಿದು ಬೇರು ಬಯಲಾದವರಿಗಂತೂ ಬುಡದಲ್ಲೇ ಹುಳುಕು. ಹಾಸಿಗೆ ಹಿಡಿದವರ ಬಾಯಿ ಶುಚಿಯಾಗಿರದಿದ್ದರೆ ಅಲ್ಲಿನ ಸೂಕ್ಷ್ಮಾಣುಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅದರ ಆಸ್ಪತ್ರೆ ಖರ್ಚನ್ನು ಅದೇ ವಿಮಾ ಕಂಪನಿ ಮರುಮಾತಿಲ್ಲದೆ ಕೊಡುತ್ತದೆ!

ಎಲೆ ಅಡಿಕೆಯ ನಾಡಿನವರಾದ ನಮಗೆ ಇನ್ನೊಂದು ಕಾರಣವೂ ಇದೆ. ಅಡಿಕೆ ಬೆಳೆಯುವುದರಲ್ಲಿ ನಮ್ಮ ರಾಜ್ಯ ದೇಶಕ್ಕೇ ಮೊದಲು. ಹೊಗೆಸೊಪ್ಪು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ಊಟದ ನಂತರದ ತಾಂಬೂಲವನ್ನು ನನ್ನ ತಾಯಿ ಕೊನೆಯವರೆಗೂ ಬಿಡಲಿಲ್ಲ. ಅದರ ಬಗ್ಗೆ ಉಪದೇಶ ಮಾಡುವ ಧೈರ್ಯ ನನಗೂ ಇರಲಿಲ್ಲ. ಆದರೆ ಕೆನ್ನೆಯ ಒಳಗಿನ ಬಿಳಿಯ ಮಚ್ಚೆಯನ್ನು, ವಾಸಿಯಾಗದ ಹುಣ್ಣನ್ನು ಮೊದಲು ಕಾಣುವವರು ಸಾಮಾನ್ಯವಾಗಿ ದಂತವೈದ್ಯರು. ಹಲ್ಲು ತೋರಿಸಲು ಹೋಗದವರ ಮಚ್ಚೆ ಗಡ್ಡೆಯಾದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ.

ಅನ್ಯ ದೇಶಗಳ ಅನುಭವದಲ್ಲಿ ಬ್ರಿಟನ್ನಿನ ಕಥೆ ಬೋಧಪ್ರದ. 1948ರ ಜುಲೈನಲ್ಲಿ ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಹಲ್ಲಿನ ಸೆಟ್ಟು, ಕನ್ನಡಕ ಎರಡೂ ಉಚಿತ. ದಶಕಗಳ ಕಾಲ ನೋವು ನುಂಗಿಕೊಂಡಿದ್ದ ಜನ ದಂತವೈದ್ಯರ ಬಾಗಿಲಿಗೆ ಮುಗಿಬಿದ್ದರು. ಖಜಾನೆಯ ಲೆಕ್ಕ ತಪ್ಪಿತು. 1951ರಲ್ಲಿ ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ವಿಧಿಸಿದಾಗ, ಆ ಸೇವೆಯ ಶಿಲ್ಪಿಯಾದ ಅನ್ಯೂರಿನ್ ಬೆವನ್ ಪ್ರತಿಭಟಿಸಿ ಸಚಿವ ಸ್ಥಾನ ತೊರೆದರು. ಹಲ್ಲಿನ ಸೆಟ್ಟಿನ ಪ್ರಶ್ನೆಯ ಮೇಲೆ ಸಚಿವರೊಬ್ಬರು ರಾಜೀನಾಮೆ ಕೊಟ್ಟ ನಿದರ್ಶನ ನಮ್ಮ ರಾಜಕಾರಣದಲ್ಲಿ ಸಿಗಲಾರದು.

ಅಮೆರಿಕದ್ದು ಬೇರೆಯೇ ಕಥೆ. 65 ದಾಟಿದವರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಶಾಸನವು ಹಲ್ಲಿನ ಮಾಮೂಲಿ ಚಿಕಿತ್ಸೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಅದನ್ನು ಸೇರಿಸುವ ಪ್ರಸ್ತಾವ 2021ರಲ್ಲಿ ಬಂದು ಬಿದ್ದುಹೋಯಿತು. ಅಂಗಾಂಗ ಕಸಿ, ಹೃದಯದ ಕವಾಟ ಬದಲಾವಣೆಯಂಥ ಚಿಕಿತ್ಸೆಗೆ ಮುನ್ನ ಬಾಯಿಯ ಸೋಂಕು ತೆಗೆಯುವ ಖರ್ಚನ್ನಷ್ಟೇ ಈಚೆಗೆ ಒಪ್ಪಿಕೊಳ್ಳಲಾಗಿದೆ. ಡಿಸೆಂಬರ್ ರಜೆಗೆ ಬೆಂಗಳೂರಿಗೆ ಬರುವ ನಮ್ಮ ಅನಿವಾಸಿ ಮಕ್ಕಳು ಮೊದಲ ವಾರದಲ್ಲೇ ಬಸವನಗುಡಿ, ಮಲ್ಲೇಶ್ವರದ ದಂತವೈದ್ಯರ ಬಳಿ ಸಮಯ ಗೊತ್ತುಮಾಡಿಕೊಳ್ಳುವುದೇಕೆ ಎಂಬುದು ಇದರಿಂದ ತಿಳಿಯುತ್ತದೆ. ಮಗಳ ಬಾಣಂತನಕ್ಕೆ ಅಲ್ಲಿಗೆ ಹೊರಡುವ ತಂದೆತಾಯಿಯರೂ ವಿಮಾನ ಹತ್ತುವ ಮೊದಲು ಹಲ್ಲು ನೆಟ್ಟಗೆ ಮಾಡಿಸಿಕೊಳ್ಳುತ್ತಾರೆ.

ಕೆನಡಾ ಮಾತ್ರ ಈಚೆಗೆ ಒಂದು ಹೆಜ್ಜೆ ಮುಂದಿಟ್ಟಿದೆ. ಖಾಸಗಿ ದಂತ ವಿಮೆಯಿಲ್ಲದ, ಕುಟುಂಬದ ವಾರ್ಷಿಕ ಆದಾಯ 90 ಸಾವಿರ ಡಾಲರಿಗಿಂತ ಕಡಿಮೆಯಿರುವವರಿಗೆ ಸಾರ್ವಜನಿಕ ದಂತ ಯೋಜನೆಯನ್ನು ಅದು ರೂಪಿಸಿತು. 2023ರ ಡಿಸೆಂಬರಿನಲ್ಲಿ ಅರ್ಜಿ ಕರೆದಾಗ ಮೊದಲ ಸರದಿ 87 ದಾಟಿದವರದು. 2024ರ ಮೇ ತಿಂಗಳಿಂದ ಚಿಕಿತ್ಸೆ ಆರಂಭವಾಯಿತು. ಆದಾಯ ಏರಿದಂತೆ ರೋಗಿಯ ಪಾಲೂ ಹಂತ ಹಂತವಾಗಿ ಏರುತ್ತದೆ. ಒಂದು ರೂಪಾಯಿ ಹೆಚ್ಚಾದರೆ ಎಲ್ಲವೂ ಕಳೆದುಹೋಗುವ ನಮ್ಮ ಪಡಿತರ ಚೀಟಿಯ ಗೆರೆಯಂಥದಲ್ಲ ಅದು. ಇನ್ನು ಜಪಾನ್ 1989ರಲ್ಲಿ, 80ನೇ ವಯಸ್ಸಿನಲ್ಲಿ 20 ಸ್ವಂತ ಹಲ್ಲು ಉಳಿಸಿಕೊಳ್ಳಬೇಕೆಂಬ ಆಂದೋಲನ ಆರಂಭಿಸಿದಾಗ ಅದು ಹಾಸ್ಯಾಸ್ಪದವೆನಿಸಬಹುದಿತ್ತು. 2016ರ ಸಮೀಕ್ಷೆಯ ಹೊತ್ತಿಗೆ ಆ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಸಾಧಿಸಿದ್ದರು. ಅಲ್ಲಿ ಸಾರ್ವತ್ರಿಕ ಆರೋಗ್ಯ ವಿಮೆಯೊಳಗೇ ದಂತ ಚಿಕಿತ್ಸೆಯೂ ಇದೆಯೆಂಬುದನ್ನು ಮರೆಯುವಂತಿಲ್ಲ.

ನಮ್ಮ ರಾಜ್ಯದ ಚಿತ್ರ ವಿಚಿತ್ರವಾದುದು. ದೇಶದ ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳಲ್ಲಿ ನಲವತ್ತಕ್ಕೂ ಹೆಚ್ಚು ಕರ್ನಾಟಕದಲ್ಲೇ ಇವೆ. ದಂತವೈದ್ಯರನ್ನು ತಯಾರಿಸುವುದರಲ್ಲಿ ನಾವು ಮುಂಚೂಣಿಯಲ್ಲಿದ್ದೇವೆ. ಅವರಲ್ಲಿ ಎಷ್ಟೋ ಮಂದಿ ಕ್ಲಿನಿಕ್ಕಿನ ಬಾಡಿಗೆ ಕಟ್ಟಲಾಗದೆ ಬೇರೆ ಉದ್ಯೋಗ ಹುಡುಕುತ್ತಿದ್ದಾರೆ. ಅದೇ ಊರಿನಲ್ಲಿ ಹಲ್ಲಿಲ್ಲದ ಮುದುಕರು ಅನ್ನವನ್ನು ಕಿವುಚಿಕೊಂಡು ತಿನ್ನುತ್ತಿದ್ದಾರೆ. ಪೂರೈಕೆ ಇದೆ, ಅಗತ್ಯವೂ ಇದೆ, ಇವೆರಡನ್ನೂ ಕೂಡಿಸುವ ಹಣದ ಸೇತುವೆ ಇಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 60 ದಾಟಿದವರು ಸುಮಾರು 58 ಲಕ್ಷ. ಇಂದು ಆ ಸಂಖ್ಯೆ ಬಹಳ ಮುಂದೆ ಹೋಗಿರುತ್ತದೆ. ಕೋಲಾರ, ಪಾವಗಡದ ಕಡೆಯ ಹಿರಿಯರಿಗಂತೂ ಕೊಳವೆಬಾವಿಯ ಫ್ಲೋರೈಡ್ ನೀರು ಬಾಲ್ಯದಿಂದಲೇ ಹಲ್ಲನ್ನು ಹಾಳುಮಾಡಿದೆ.

ರಾಜ್ಯ ಸರ್ಕಾರ 2014-15ರ ಸುಮಾರಿಗೆ ಆರಂಭಿಸಿದ ‘ದಂತ ಭಾಗ್ಯ’ ಯೋಜನೆ ನಿಜಕ್ಕೂ ಒಳ್ಳೆಯ ಆಲೋಚನೆ. ಬಡತನ ರೇಖೆಯ ಕೆಳಗಿನ, ಹಲ್ಲು ಕಳೆದುಕೊಂಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ಯೋಜನೆಯಿದು. ಮೊದಲು 60 ಇದ್ದ ವಯೋಮಿತಿಯನ್ನು ಆಮೇಲೆ 45ಕ್ಕೆ ಇಳಿಸಲಾಯಿತು. ‘ಭಾಗ್ಯ’ಗಳ ಸಾಲಿನಲ್ಲಿ ಇದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ, ಪ್ರಚಾರ ಪಡೆಯಬೇಕಿತ್ತು. ಇದರ ತೊಡಕು ಎರಡು. ಸೆಟ್ಟಿನ ಅಳತೆ, ಕಚ್ಚುವಿಕೆಯ ಪರೀಕ್ಷೆ, ಜೋಡಣೆ, ಉಜ್ಜಿ ಸರಿಪಡಿಸುವುದು ಎಂದು ಐದಾರು ಸಲ ಕಾಲೇಜಿಗೆ ಹೋಗಬೇಕು. ತಾಲ್ಲೂಕಿನ ಹಳ್ಳಿಯಿಂದ ಬರುವ ಎಪ್ಪತ್ತರ ಅಜ್ಜಿಗೆ ಅದು ದುಸ್ಸಾಧ್ಯ. ಎರಡನೆಯದು, ಎಲ್ಲ ಹಲ್ಲು ಬಿದ್ದ ಮೇಲೆ ಸೆಟ್ಟು ಕೊಡುವುದಕ್ಕಿಂತ ಹಲ್ಲು ಉಳಿಸುವುದು ಅಗ್ಗ, ಹಿತಕರ. ಕಿತ್ತ ಜಾಗದಲ್ಲಿ ದವಡೆಯ ಮೂಳೆ ಕ್ರಮೇಣ ಕರಗುತ್ತದೆ, ಇಂದು ಸರಿಯಾಗಿ ಕೂತ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ.

ಬಡತನ ರೇಖೆಯ ಮೇಲಿರುವ, ಆದರೆ ಇಂಪ್ಲಾಂಟ್ ಹಾಕಿಸುವಷ್ಟು ಮೇಲಿಲ್ಲದ ನಿವೃತ್ತರ ಪಾಡೇನು? ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿಜಿಎಚ್‌ಎಸ್ ಇದೆ, ಅದರ ದರಪಟ್ಟಿಯಲ್ಲಿ ದಂತ ಚಿಕಿತ್ಸೆಗಳಿವೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ಕುಗಳಲ್ಲಿ ದಂತವೈದ್ಯರಿದ್ದಾರೆ. ಅಂದರೆ ಈ ದೇಶದಲ್ಲಿ ಹಿರಿಯರ ಹಲ್ಲಿಗೆ ಸಾಮೂಹಿಕವಾಗಿ ಹಣ ಹೊಂದಿಸುವುದು ಅಸಾಧ್ಯವೇನಲ್ಲ. ಕೆಲವರಿಗೆ ಸಾಧ್ಯವಾಗಿದೆ. ಖಾಸಗಿ ಕಂಪನಿಯಿಂದ ನಿವೃತ್ತರಾದವರ ಸ್ಥಿತಿ ಇನ್ನೂ ಕಷ್ಟದ್ದು. ಅವರ ಭವಿಷ್ಯ ನಿಧಿ ಪಿಂಚಣಿಯ ಕನಿಷ್ಠ ಮೊತ್ತವನ್ನು 2014ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ.

ನನ್ನ ಅಭಿಪ್ರಾಯದಲ್ಲಿ ಬೇಕಾಗಿರುವುದು ಮಾರುಕಟ್ಟೆಯ ಇನ್ನೊಂದು ಪಾಲಿಸಿಯಲ್ಲ, ಪಿಂಚಣಿಯಲ್ಲೇ ಮುರಿದುಕೊಳ್ಳುವ ಕಡ್ಡಾಯ ವಂತಿಗೆಯ ನಿಧಿ. ರಾಜ್ಯದ ಸೇವಾನಿರತ ನೌಕರರಿಗಾಗಿ 2025ರ ಅಕ್ಟೋಬರ್‌ನಿಂದ ಜಾರಿಯಾದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯಲ್ಲಿ ವೃಂದಕ್ಕೆ ತಕ್ಕಂತೆ ಮಾಸಿಕ ವಂತಿಗೆ ಮುರಿದುಕೊಳ್ಳುವ ಪದ್ಧತಿ ಈಗಾಗಲೇ ಇದೆ. ಕಡ್ಡಾಯ ಎಂಬ ಪದಕ್ಕೆ ನಮ್ಮ ಸಂಘಗಳು ಹುಬ್ಬೇರಿಸುತ್ತವೆಂಬುದು ಗೊತ್ತು. ಆದರೆ ಐಚ್ಛಿಕವಾದರೆ ಹಲ್ಲು ನೋವಿದ್ದವರಷ್ಟೇ ಸೇರುತ್ತಾರೆ, ಅಕೆರ್ಲಾಫ್ ಹೇಳಿದಂತೆ ನಿಧಿ ಮೂರೇ ವರ್ಷದಲ್ಲಿ ಬರಿದಾಗುತ್ತದೆ.

ಒಂದು ಅಂದಾಜಿನ ಲೆಕ್ಕ ಹಾಕೋಣ. ಒಂದು ಲಕ್ಷ ಪಿಂಚಣಿದಾರರು ತಿಂಗಳಿಗೆ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 12 ಕೋಟಿ ಆಗುತ್ತದೆ. ಎಲ್ಲರಿಗೂ ವರ್ಷಕ್ಕೊಮ್ಮೆ ತಪಾಸಣೆ ಮತ್ತು ಹಲ್ಲು ಶುಚಿಗೊಳಿಸಲು ತಲಾ 400 ರೂಪಾಯಿಯಂತೆ 4 ಕೋಟಿ. ವರ್ಷದಲ್ಲಿ ಹತ್ತರಲ್ಲಿ ಒಬ್ಬರಿಗೆ ಹಲ್ಲಿನ ಸೆಟ್ಟು ಬೇಕಾಗುವುದೆಂದು ಹಿಡಿದು, ಕಾಲೇಜಿನ ದರದಲ್ಲಿ 5 ಸಾವಿರದಂತೆ 5 ಕೋಟಿ. ಉಳಿದ 3 ಕೋಟಿ ಕೀಳುವುದಕ್ಕೆ, ತುಂಬಿಸುವುದಕ್ಕೆ. ರೂಟ್ ಕೆನಾಲ್‌ಗೆ, ಕ್ಯಾಪಿಗೆ ರೋಗಿ ಅರ್ಧ ಕೊಡಲಿ. ಇಂಪ್ಲಾಂಟ್ ಬೇಕೆನ್ನುವವರು ಸ್ವಂತ ಹಣದಲ್ಲಿ ಹಾಕಿಸಿಕೊಳ್ಳಲಿ. ಈ ಅಂಕಿಗಳನ್ನು ವಿಮಾ ಗಣಿತಜ್ಞರು ತಿದ್ದಬಹುದು, ತಿದ್ದಬೇಕು. ಆದರೆ ಅಸಾಧ್ಯವೆಂದು ಕಡತ ಮುಚ್ಚುವ ಮಟ್ಟದ ಅಂಕಿಗಳಲ್ಲ ಇವು. ಕಡತ ಮುಚ್ಚುವುದರಲ್ಲಿ ನನಗೆ ಅನುಭವವಿದೆ.

ವಂಚನೆಯ ಪ್ರಶ್ನೆ ಬಂದೇ ಬರುತ್ತದೆ. ಇಲ್ಲದ ಹುಳುಕಿಗೆ ಬಿಲ್ಲು ಹಾಕುವವರು ಇರುತ್ತಾರೆ. ಆದರೆ ಹಲ್ಲಿನಷ್ಟು ಸಾಕ್ಷ್ಯ ಉಳಿಸುವ ಅಂಗ ಇನ್ನೊಂದಿಲ್ಲ: ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಎಕ್ಸ್-ರೇ ಎರಡನ್ನೂ ಕೇಳಿದರೆ ಲೆಕ್ಕಪರಿಶೋಧಕರ ಅರ್ಧ ಕೆಲಸ ಮುಗಿಯುತ್ತದೆ. ಕಿತ್ತ ಹಲ್ಲನ್ನು ಇನ್ನೊಮ್ಮೆ ಕೀಳಲು ಬರುವುದಿಲ್ಲ.

ಇದೆಲ್ಲ ಆಗುವವರೆಗೆ ಓದುಗರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಸಂಬಳ ಬರುತ್ತಿರುವಾಗಲೇ, ನಿವೃತ್ತಿಗೆ ಎರಡು ವರ್ಷ ಮುಂಚೆ, ಬಾಯಿಯನ್ನು ಸರಿಪಡಿಸಿಕೊಳ್ಳುವುದು ಯಾವ ಪಾಲಿಸಿಗಿಂತಲೂ ಲಾಭಕರ. ಮೂಳೆ ಸವೆತಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವ ಮಹಿಳೆಯರು ಹಲ್ಲು ಕೀಳಿಸುವ ಮೊದಲು ಅದನ್ನು ದಂತವೈದ್ಯರಿಗೆ ತಪ್ಪದೆ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವ, 60 ದಾಟಿದ, ಆರೋಗ್ಯ ವಿಮೆಯಿಲ್ಲದವರು ನಗದಲ್ಲದ ರೂಪದಲ್ಲಿ ಮಾಡಿದ ವೈದ್ಯಕೀಯ ವೆಚ್ಚಕ್ಕೆ ವರ್ಷಕ್ಕೆ 50 ಸಾವಿರ ರೂಪಾಯಿವರೆಗೆ ಕಡಿತ ಪಡೆಯಬಹುದು. ಹಲ್ಲಿನ ಬಿಲ್ಲನ್ನೂ ಇದಕ್ಕೆ ಜೋಡಿಸಬಹುದು. ಕಂತು ಕಟ್ಟಿ ವಿಮೆ ಮಾಡಿಸಿರುವವರಿಗೆ ಹಲ್ಲಿನ ಖರ್ಚಿನ ಮೇಲೆ ಈ ಅನುಕೂಲವಿಲ್ಲ. ವಿಮೆಯೂ ಕೊಡದ, ತೆರಿಗೆಯೂ ಬಿಡದ ಈ ಖರ್ಚಿಗೆ ಮುಂದಿನ ಬಜೆಟ್ಟಿನಲ್ಲಾದರೂ ಒಂದು ಸಾಲು ಸೇರಿಸುವುದು ಹಣಕಾಸು ಸಚಿವಾಲಯಕ್ಕೆ ದೊಡ್ಡ ಹೊರೆಯೇನಲ್ಲ.

ನಮ್ಮ ಅಧೀಕ್ಷಕರನ್ನು ಡಿಸೆಂಬರಿನಲ್ಲಿ ದಂತ ಕಾಲೇಜೊಂದಕ್ಕೆ ನಾನೇ ಕರೆದುಕೊಂಡು ಹೋದೆ. ಅವರದು ಬಡತನ ರೇಖೆಯ ಮೇಲಿನ ಕಾರ್ಡಾದ್ದರಿಂದ ಹಣ ಕಟ್ಟಬೇಕಾಯಿತು. ಖಾಸಗಿ ಕ್ಲಿನಿಕ್ಕಿನಲ್ಲಿ ಹೇಳಿದ್ದಕ್ಕೆ ಹೋಲಿಸಿದರೆ ಅದು ಕಾಲು ಭಾಗಕ್ಕಿಂತಲೂ ಕಡಿಮೆ. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ‘ಅಜ್ಜಾ, ಬಾಯಿ ದೊಡ್ಡದಾಗಿ ತೆಗೀರಿ’ ಎನ್ನುತ್ತ ಮೇಣದ ಅಳತೆ ತೆಗೆದುಕೊಂಡರು. ಉಳಿದಿದ್ದ ಏಳರಲ್ಲಿ ಐದನ್ನು ಉಳಿಸಬಹುದೆಂದು ಅವರ ಪ್ರಾಧ್ಯಾಪಕರು ಹೇಳಿದಾಗ ಇವರಿಗೆ ಆದ ಸಂತೋಷವನ್ನು ಬಡ್ತಿಯ ಆದೇಶ ಬಂದ ದಿನವೂ ನಾನು ಕಂಡಿರಲಿಲ್ಲ. ಐದು ಸಲ ಓಡಾಡಿದ ಮೇಲೆ ಸೆಟ್ಟು ಸಿಕ್ಕಿತು. ಮೇಲಿನದು ಸರಿಯಾಗಿ ಕೂತಿದೆಯಂತೆ, ಕೆಳಗಿನದು ಮಾತನಾಡುವಾಗ ಅಲ್ಲಾಡುತ್ತದೆಯಂತೆ. ಸೋಮವಾರ ಮತ್ತೆ ಹೋಗಿ ಸರಿಮಾಡಿಸಿಕೊಳ್ಳಬೇಕು. ಆ ಜೀಪಿನ ಚಾಲಕರ ಊರು ಯಾವುದೆಂದು ಅವರಿಗೆ ನೆನಪಿದೆ. ಕೆಲಸ ಮುಗಿದ ಮೇಲೆ ವಿಳಾಸ ಬರೆದುಕೊಡುತ್ತೇನೆ ಎಂದಿದ್ದಾರೆ.